ಕೆಂಪು ವೈರು ಯಾವ ಕೈಗೆ?

"ನೀವು ಹೀಗೇ ಮಾತಾಡ್ತಾ ಇದ್ರೆ ನಿಮ್ಮ ಮಾತೂ ಕಾಗದದ ಮೇಲೆ ಬರುತ್ತೆ. ಸುಮ್ನೆ ಮಲ್ಕೊಳ್ಳಿ!"

ಅವಳು ಇಷ್ಟು ಗದರಿದರೆ ಬೇರೆ ಯಾರಾದರೂ ಬಾಯಿ ಮುಚ್ಚುತ್ತಿದ್ದರು. ಮಂಚದ ಮೇಲಿದ್ದ ಈ ಆಸಾಮಿ ಮಾತ್ರ ಕಣ್ಣರಳಿಸಿ ಕತ್ತೆತ್ತಿದ.

"ಹೌದಾ? ಮಾತು ಹೇಗೆ ಬರುತ್ತೆ?"

ಅದು ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆ. ಒಂದು ಮಂಚ, ಒಂದು ಪರದೆ, ಗಾಲಿ ಮೇಜಿನ ಮೇಲೆ ಹಳೆಯ ಇಸಿಜಿ ಯಂತ್ರ. ಆರು ವರ್ಷದಿಂದ ಆ ಕೋಣೆಗೆ ಅವಳೇ ಒಡತಿ. ಎಲ್ಲರೂ ಅವಳನ್ನು ಕರೆಯುತ್ತಿದ್ದುದು 'ಇಸಿಜಿ ಮೇಡಂ' ಅಂತ. ಅವಳು ತೆಗೆದ ಒಂದು ಕಾಗದವೂ 'ಸರಿಯಿಲ್ಲ, ಇನ್ನೊಮ್ಮೆ ತೆಗಿ' ಎಂದು ವಾಪಸ್ ಬಂದದ್ದಿಲ್ಲ. ಆ ಹೆಮ್ಮೆ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ!

ಅವತ್ತು ಆ ಕೋಣೆ ಹಿಂದುಮುಂದಾಗಿತ್ತು. ತಲೆದಿಂಬಿನ ಕಡೆಯ ಗೋಡೆಗೆ ಬಣ್ಣ ಬಳಿದಿದ್ದರು. ಹಸಿ ಬಣ್ಣ ಯಾರಿಗೂ ತಾಗದಿರಲೆಂದು ಮಂಚವನ್ನು ತಿರುಗಿಸಿ, ತಲೆಯಿದ್ದ ಕಡೆ ಕಾಲು ಬರುವ ಹಾಗೆ ಇಟ್ಟಿದ್ದರು. ಯಂತ್ರವನ್ನು ಪ್ಲಗ್ ಇದ್ದ ಜಾಗ ಬಿಟ್ಟು ಸರಿಸುವಂತಿರಲಿಲ್ಲ. ಹಾಗಾಗಿ ದಿನಾ ರೋಗಿಯ ಎಡಗಡೆ ನಿಲ್ಲುತ್ತಿದ್ದವಳು ಅವತ್ತು ಬಲಗಡೆ ನಿಂತಿದ್ದಳು.

ಕೆಂಪು ವೈರು ಬಲಗೈಗೆ, ಹಳದಿ ಎಡಗೈಗೆ. ಪುಸ್ತಕದಲ್ಲಿ ಇರುವುದು ಹೀಗೆ. ಆದರೆ ಆರು ವರ್ಷ ಒಂದೇ ಜಾಗದಲ್ಲಿ ನಿಂತ ಅವಳ ಕೈಗೆ ಗೊತ್ತಿದ್ದುದೇ ಬೇರೆ: ಕೆಂಪು ದೂರದ ಕೈಗೆ, ಹಳದಿ ಹತ್ತಿರದ ಕೈಗೆ! ಅದಕ್ಕೇ ಬೆಳಗಿನಿಂದ 'ಇವತ್ತು ಉಲ್ಟಾ... ಇವತ್ತು ಉಲ್ಟಾ...' ಎಂದು ಮನಸ್ಸಿನಲ್ಲೇ ಜಪ ಮಾಡುತ್ತಾ ಹದಿನಾಲ್ಕು ಜನರಿಗೆ ಸರಿಯಾಗಿ ಹಾಕಿ ಮುಗಿಸಿದ್ದಳು.

ಇವನು ಹದಿನೈದನೆಯವನು, ಅವತ್ತಿನ ಕೊನೆಯವನು.

"ಸ್ನಾಯು ಅಲುಗಿದ್ರೂ ಒಂಚೂರು ಕರೆಂಟ್ ಹುಟ್ಟುತ್ತೆ," ಎಂದಳು ಅವಳು, ಅವನ ಮಣಿಕಟ್ಟಿಗೆ ಜೆಲ್ಲಿ ಸವರುತ್ತಾ. "ಹೃದಯದ ಗೆರೆ ಮೇಲೆ ಯಾರೋ ಗೀಚಿದ ಹಾಗೆ ಕಾಣುತ್ತೆ. ಅದಕ್ಕೇ ಅಲುಗಬೇಡಿ ಅನ್ನೋದು."

"ಕರೆಂಟು!" ಅವನು ಎದ್ದೇ ಕುಳಿತುಬಿಟ್ಟ. "ಮೇಡಂ, ನಾನು ಲೈನ್‌ಮನ್. ದಿನಾ ಕಂಬ ಹತ್ತೋನು. ವರ್ಷಕ್ಕೊಂದು ಸಲ ಕಂಬ ಹತ್ತೋಕೆ ಗಟ್ಟಿ ಇದ್ದಾನೆ ಅಂತ ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬೇಕು. ಹಿಂದಿನ ಊರಲ್ಲಿ ಏಳು ವರ್ಷ ಈ ವೈರು ಹಾಕಿಸ್ಕೊಂಡೆ, ಒಬ್ಬರೂ ಹೇಳಿಲ್ಲ... ಕರೆಂಟ್ ಯಂತ್ರದಿಂದ ನನ್ನೊಳಗೆ ಬರುತ್ತಾ?"

"ಇಲ್ಲ. ನಿಮ್ಮಿಂದ ಯಂತ್ರಕ್ಕೆ ಬರುತ್ತೆ."

ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅವಳಿಗೆ ನಗು ತಡೆಯಲಾಗಲಿಲ್ಲ.

ಆರು ವರ್ಷದಲ್ಲಿ ಸಾವಿರಾರು ಎದೆಗಳು ಈ ಮಂಚದ ಮೇಲೆ ಮಲಗಿ ಎದ್ದು ಹೋಗಿದ್ದವು. 'ನೋವಾಗುತ್ತಾ?', 'ಎಷ್ಟೊತ್ತಾಗುತ್ತೆ?', 'ಶರ್ಟ್ ಹಾಕ್ಕೋಬಹುದಾ?' ಇಷ್ಟೇ ಎಲ್ಲರ ಪ್ರಶ್ನೆ. ಇದು ಹೇಗೆ ಎಂದು ಕೇಳಿದವನು ಇವನೊಬ್ಬನೇ. ಕೇಳುವಾಗ ಅವನ ಕಣ್ಣು ಎಷ್ಟು ಚೆನ್ನಾಗಿ ಹೊಳೆಯುತ್ತೆ... ಛೆ, ಇದೇನು ಯೋಚನೆ!

"ಮಲ್ಕೊಳ್ಳಿ, ಹೇಳ್ತೀನಿ. ಹೃದಯದ ಮೇಲ್ಗಡೆ ಬಲಮೂಲೆಯಲ್ಲಿ ಪ್ರತಿ ಬಡಿತಕ್ಕೂ ಒಂದು ಸಣ್ಣ ಕರೆಂಟ್ ಹುಟ್ಟುತ್ತೆ. ಅಲ್ಲಿಂದ ಕೆಳಗೆ, ಎಡಕ್ಕೆ ಹರಿಯುತ್ತೆ. ನಮ್ಮ ಮೈಯೊಳಗೆಲ್ಲ ಉಪ್ಪುನೀರೇ ಅಲ್ವಾ, ಅದರ ಸುಳಿವು ಚರ್ಮದವರೆಗೂ ಬರುತ್ತೆ. ಒಂದು ವೋಲ್ಟಿನ ಸಾವಿರದಲ್ಲಿ ಒಂದು ಭಾಗ."

"ಒಂದು ವೈರಿನಿಂದ ಅದು ಗೊತ್ತಾಗುತ್ತಾ?"

"ಒಂದರಿಂದ ಆಗಲ್ಲ. ಎರಡು ಜಾಗ ಹೋಲಿಸಿ ನೋಡ್ಬೇಕು."

"ನಮ್ಮ ಮೀಟರಿಗೂ ಎರಡು ವೈರು ಬೇಕು!" ಅವನಿಗೆ ಲಾಟರಿ ಹೊಡೆದಷ್ಟು ಖುಷಿ. "ಈ ಕಪ್ಪು?"

"ಅದು ನೋಡಲ್ಲ. ಬಲಗಾಲಲ್ಲಿ ಇದ್ದುಕೊಂಡು ಹೊರಗಿನ ಗಲಾಟೆ ಕಡಿಮೆ ಮಾಡುತ್ತೆ."

"ಅರ್ಥಿಂಗ್ ಹಾಗೆ?"

"ಹೆಚ್ಚುಕಮ್ಮಿ."

"ಅಲ್ಲ ಮೇಡಂ, ವೈರು ಹತ್ತು, ಗೆರೆ ಮಾತ್ರ ಹನ್ನೆರಡು?"

ಅವಳ ಮಾತಿಗೆ ರೆಕ್ಕೆ ಬಂದಿತ್ತು. ಎದೆಯ ಮೇಲಿನ ಆರಕ್ಕೆ ಆರು ಗೆರೆ, ಕಪ್ಪು ಬಿಟ್ಟು ಕೈಕಾಲಿನ ಮೂರನ್ನೇ ಅದಲು ಬದಲು ಹೋಲಿಸಿದರೆ ಇನ್ನಾರು ಗೆರೆ. ಒಂದೇ ಹೃದಯವನ್ನು ಹನ್ನೆರಡು ಕಿಟಕಿಯಿಂದ ಇಣುಕಿ ನೋಡಿದ ಹಾಗೆ. ಮೊದಲನೇ ಗೆರೆ ಎಡಗೈ ಕಡೆ ನಿಂತು ನೋಡುತ್ತೆ. ಕರೆಂಟ್ ತನ್ನ ಕಡೆ ಬಂದರೆ ಗೆರೆ ಮೇಲೇಳುತ್ತೆ, ದೂರ ಹೋದರೆ ಕೆಳಗಿಳಿಯುತ್ತೆ... ಹೇಳುತ್ತಾ ಹೇಳುತ್ತಾ ಅವಳ ಕೈ ತನ್ನ ಪಾಡಿಗೆ ಕ್ಲಿಪ್ಪು ಹಾಕುತ್ತಿತ್ತು. ಪಕ್ಕೆಲುಬು ಎಣಿಸಿ ಎದೆಯ ಮೇಲೆ ಆರು ರಬ್ಬರ್ ಬಲ್ಬುಗಳನ್ನೂ ಕೂರಿಸಿತು.

ಜಪ? ಅದು ಯಾವಾಗಲೋ ನಿಂತುಹೋಗಿತ್ತು.

ಯಂತ್ರ ಗರಗರ ಎಂದು ಕಾಗದ ಹೊರಹಾಕಿತು. ಯಾವತ್ತೂ ಒಮ್ಮೆ ಕಣ್ಣಾಡಿಸಿಯೇ ಕಳಿಸುವವಳು ಅವತ್ತು ಹಾಗೇ ಮಡಚಿ ಕೊಟ್ಟಳು. ಕಣ್ಣು ಬೇರೆ ಕಡೆ ಇತ್ತು. ಶರ್ಟಿನ ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿಕೊಂಡು, ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿದ ಅವನ ಕಡೆ!

'ಪ್ರಶ್ನೆಪತ್ರಿಕೆ,' ಎಂದು ಅವನಿಗೆ ಮನಸ್ಸಿನಲ್ಲೇ ಹೆಸರಿಟ್ಟಳು.

* * *

ಹನ್ನೊಂದು ದಿನದ ಮೇಲೆ ಪ್ರಶ್ನೆಪತ್ರಿಕೆ ವಾಪಸ್ ಬಂತು. ಜೊತೆಗೆ ಅವನ ಅಕ್ಕನೂ ಬಂದಳು. ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದಳೇನೋ, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಕೂತ್ಕೋ! ಮೊದಲು ಕೂತ್ಕೋ! ನೋಡಿ ಮೇಡಂ, ಆಸ್ಪತ್ರೆ ಬಾಗಿಲಲ್ಲಿ ನಾಲ್ಕು ಮೆಟ್ಟಿಲು, ನಾನು ಬೇಡ ಬೇಡ ಅಂದ್ರೂ ಓಡ್ಕೊಂಡು ಹತ್ತಿದ!"

ಅವಳಿಗೆ ಏನೂ ಅರ್ಥವಾಗಲಿಲ್ಲ. "ಏನಾಯ್ತು?"

"ಕಾಗದ ನೋಡಿ ಡಾಕ್ಟರು ಹೇಳಿದ್ರು, ಹೃದಯದಲ್ಲಿ ಹಳೇ ಅಟ್ಯಾಕಿನ ಪೆಟ್ಟಂತೆ," ಎಂದ ಅವನು. ನಗಲು ನೋಡಿದ, ಆಗಲಿಲ್ಲ. "ಎಡಗಡೆ ಗೋಡೆಗೆ. ಮುಂದಿನ ಪರೀಕ್ಷೆ ಆಗೋವರೆಗೂ ಕಂಬ ಹತ್ತೋ ಹಾಗಿಲ್ಲ. ಅದಕ್ಕೆ ತಾರೀಕು ಕೊಟ್ಟಿರೋದು ಮುಂದಿನ ತಿಂಗಳು. ಈಗ ದೂರು ಕೌಂಟರಿನಲ್ಲಿ ಫೋನ್ ಎತ್ತೋ ಕೆಲಸ. ಬೆಳಗಿಂದ ಸಂಜೆವರೆಗೂ ಊರಿಗೆ ಊರೇ ನನ್ನನ್ನ ಒಂದೇ ಪ್ರಶ್ನೆ ಕೇಳುತ್ತೆ, ಕರೆಂಟ್ ಯಾವಾಗ ಬರುತ್ತೆ ಅಂತ."

ಇವನಿಗೆ? ಮೆಟ್ಟಿಲು ಓಡಿ ಹತ್ತುವ ಇವನಿಗೆ?

ಅವನು ಮಡಿಕೆ ಬಿದ್ದ ಕಾಗದವನ್ನು ಮೇಜಿನ ಮೇಲೆ ಹರಡಿದ.

"ಮೇಡಂ, ಕೌಂಟರಿನಲ್ಲಿ ಕೂತು ದಿನಾ ಇದನ್ನೇ ನೋಡ್ತಿದ್ದೆ. ನೀವು ಹೇಳಿದ್ದು ನೆನಪಿದೆ. ಈ ಮೊದಲನೇ ಗೆರೆ ಎಡಗಡೆಯಿಂದ ನೋಡುತ್ತೆ, ಅಲ್ವಾ? ಎದೆ ಮೇಲಿನ ಕೊನೇದು, ಈ ಆರನೇದು, ಅದೂ ಎಡಗಡೆಯಿಂದಲೇ."

"ಹೌದು..."

"ಹಾಗಾದ್ರೆ ಆರನೇದು ಕರೆಂಟ್ ನನ್ನ ಕಡೆ ಬರ್ತಿದೆ ಅನ್ನುತ್ತೆ. ಮೊದಲನೇದು ಪೂರ್ತಿ ತಲೆಕೆಳಗು, ದೂರ ಹೋಗ್ತಿದೆ ಅನ್ನುತ್ತೆ. ಒಂದೇ ಕಡೆ ನಿಂತ ಇಬ್ಬರು ಎರಡು ಮಾತು ಹೇಗೆ ಹೇಳ್ತಾರೆ? ನಮ್ಮಲ್ಲಾದ್ರೆ ಎರಡು ಮೀಟರು ಎರಡು ಲೆಕ್ಕ ತೋರಿಸಿದ್ರೆ ಮೊದಲು ವೈರು ನೋಡ್ತೀವಿ. ಹೃದಯದಲ್ಲಿ... ಹೀಗೂ ಇರುತ್ತಾ?"

ಅವನ ದನಿಯಲ್ಲಿ ಅನುಮಾನವಿರಲಿಲ್ಲ. ಬರೀ ಕುತೂಹಲ. ಅದೇ ಅವಳನ್ನು ಇನ್ನಷ್ಟು ಇರಿಯಿತು.

ಅವಳು ಮಂಚದ ಕಡೆ ತಿರುಗಿದಳು. ಗೋಡೆ ಒಣಗಿ, ಮಂಚ ತನ್ನ ಹಳೆಯ ಜಾಗಕ್ಕೆ ಬಂದಿತ್ತು. ದೂರದ ಕೈ... ಹತ್ತಿರದ ಕೈ... ಅಯ್ಯೋ!

"ಮಲ್ಕೊಳ್ಳಿ," ಎಂದಳು.

ಈ ಸಲ ಪ್ರತಿಯೊಂದು ಕ್ಲಿಪ್ಪಿಗೂ 'ಬಲಗೈ, ಎಡಗೈ' ಎಂದು ಬಾಯಿಬಿಟ್ಟು ಹೇಳಿ ಹಾಕಿದಳು. ಹೊಸ ಕಾಗದ ಬಂತು. ಮೊದಲನೇ ಗೆರೆ ಠೀವಿಯಿಂದ ನೆಟ್ಟಗೆ ನಿಂತಿತ್ತು. ಉಳಿದ ಹನ್ನೊಂದೂ ಚೊಕ್ಕ. ಆ ಹೃದಯಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಅಕ್ಕ ಎರಡೂ ಕಾಗದ ಎತ್ತಿ ಹಿಡಿದು ನೋಡಿದಳು. "ಸರಿ ಹೋಯ್ತಾ? ಸರಿ ಹೋಯ್ತಲ್ವಾ? ನಾನು ಹೇಳ್ಲಿಲ್ವಾ! ಹನ್ನೊಂದು ದಿನ ಒಂದು ಹರಳು ಉಪ್ಪು ಹಾಕದೆ ಅಡುಗೆ ಮಾಡಿದೀನಿ. ಉಪ್ಪು ಬಿಟ್ಟಿದ್ದಕ್ಕೇ ಹೃದಯ ರಿಪೇರಿ ಆಯ್ತು!"

ನೋಡಿ, ತಪ್ಪಿಸಿಕೊಳ್ಳುವ ಬಾಗಿಲು ಎಷ್ಟು ಸಲೀಸಾಗಿ ತೆರೆದುಕೊಂಡಿತ್ತು! ಹೂಂ ಅಂದರೆ ಸಾಕು. ಅಕ್ಕನಿಗೆ ಸಂತೋಷ, ಅವಳ ಆರು ವರ್ಷದ ಹೆಸರು ಹಾಗೇ ಉಳಿಯುತ್ತೆ, ಇವನ ಕಣ್ಣಲ್ಲಿ ಅವಳು ಹಾಗೇ ಉಳಿಯುತ್ತಾಳೆ.

'ಆದರೆ ಇವನ ಕಡತದಲ್ಲಿ ಆ ಪೆಟ್ಟು ಹಾಗೇ ಉಳಿದುಬಿಡುತ್ತೆ. ಪ್ರತಿ ವರ್ಷ ಯಾರೋ ಒಬ್ಬರು ಅದನ್ನು ಕೆದಕ್ತಾರೆ. ಜೀವನಪೂರ್ತಿ ಎದೆ ಮೇಲೆ ಕೈಯಿಟ್ಟುಕೊಂಡು ಬದುಕ್ತಾನೆ... ನನ್ನಿಂದ!'

"ಅಕ್ಕಾ, ಉಪ್ಪಿನಿಂದ ಏನೂ ಆಗಿಲ್ಲ," ಎಂದಳು. "ನಿಮ್ಮ ತಮ್ಮನ ಹೃದಯಕ್ಕೆ ಯಾವತ್ತೂ ಏನೂ ಆಗಿರ್ಲಿಲ್ಲ. ಅವತ್ತು ನಾನು ಕೆಂಪು ವೈರು ಎಡಗೈಗೆ, ಹಳದಿ ಬಲಗೈಗೆ ಹಾಕ್ಬಿಟ್ಟೆ. ಅದಕ್ಕೇ ಗೆರೆ ತಲೆಕೆಳಗಾಗಿದ್ದು. ತಪ್ಪು ನನ್ನದು."

ಅಕ್ಕನ ಮುಖ ಕೆಂಪಾಯಿತು.

"ಹನ್ನೊಂದು ದಿನ! ಅಪ್ಪ ಅಮ್ಮ ಹೋದ ಮೇಲೆ ಎತ್ತಿ ಆಡಿಸಿದ ಮಗು ಇದು. ಇವನು ಮಲಗಿದ್ರೆ ಉಸಿರಾಡ್ತಿದಾನಾ ಇಲ್ವಾ ಅಂತ ಹನ್ನೊಂದು ದಿನ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡಿದೀನಿ, ಗೊತ್ತಾ ನಿಮಗೆ?"

ಅವಳು ಅವನ ಕಡೆ ನೋಡಿದಳು. ಬೈಯಲಿ, ಕೂಗಲಿ, ಯಾಕೆ ಹೀಗೆ ಮಾಡಿದ್ರಿ ಎಂದು ಒಂದು ಪ್ರಶ್ನೆಯಾದರೂ ಕೇಳಲಿ...

ಅವನು ಏನೂ ಕೇಳಲಿಲ್ಲ. ಅವಳನ್ನೇ ಒಂದು ಕ್ಷಣ ದಿಟ್ಟಿಸಿ, ಅಕ್ಕನ ಭುಜ ಹಿಡಿದು ಹೊರಟುಹೋದ. ಬಾಗಿಲಲ್ಲಿ ತಿರುಗಿಯೂ ನೋಡಲಿಲ್ಲ.

* * *

ಅದೇ ಮಧ್ಯಾಹ್ನ ಅವಳು ಎರಡು ಕಾಗದಗಳನ್ನೂ ದೊಡ್ಡ ಡಾಕ್ಟರ ಮುಂದಿಟ್ಟಳು.

ಡಾಕ್ಟರು ಕನ್ನಡಕ ಹಣೆಗೇರಿಸಿ ನೋಡಿದರು. "ಇದನ್ನ ಓದಿದ ನಮ್ಮ ಡ್ಯೂಟಿ ಡಾಕ್ಟರೂ ಗಮನಿಸಬೇಕಿತ್ತು, ಅವರನ್ನ ನಾನು ವಿಚಾರಿಸ್ಕೋತೀನಿ. ಆದ್ರೆ ವೈರು ಹಾಕಿದ್ದು ನೀನು. ಅವತ್ತಿನ ಉಳಿದ ಕಾಗದ?"

ಹದಿನಾಲ್ಕನ್ನೂ ಹುಡುಕಿ ತಂದು ಮೇಜಿನ ತುಂಬ ಹರಡಿದಳು. ಒಂದೊಂದೇ ಗೆರೆ ನೋಡಿದರು. ಹದಿನಾಲ್ಕೂ ಸರಿ.

"ವಿಚಿತ್ರ. ಅವನದೊಂದೇ ಯಾಕೆ ತಪ್ಪಿತು?"

ಅವಳು ನೆಲ ನೋಡಿದಳು. ಯಾಕೆ ಎಂದು ಅವಳಿಗೆ ಗೊತ್ತಿತ್ತು. ಡಾಕ್ಟರ ಮುಂದೆ ಹೇಳುವಂಥ ಕಾರಣವೇ ಅದು!

ಮರುದಿನವೇ ಅವನನ್ನು ಕರೆಸಿ ಡಾಕ್ಟರೇ ಹೃದಯದ ಸ್ಕ್ಯಾನ್ ಮಾಡಿಸಿದರು. ಅದು ನಡೆದದ್ದು ಮೇಲಿನ ಮಹಡಿಯಲ್ಲಿ. ಅವನು ಕೆಳಗಿನ ಕೋಣೆಯ ಕಡೆ ಸುಳಿಯಲಿಲ್ಲ. ತಪ್ಪು ಆಸ್ಪತ್ರೆಯದು, ಇವನು ಪೂರ್ತಿ ಆರೋಗ್ಯವಂತ ಎಂದು ಅವನ ಕಚೇರಿಗೆ ಪತ್ರ ಹೋಯಿತು. ಅವಳಿಗೂ ಒಂದು ಪತ್ರ ಬಂತು: ಒಂದು ತಿಂಗಳು ಅವಳು ತೆಗೆಯುವ ಪ್ರತಿ ಕಾಗದವನ್ನೂ ಹಿರಿಯ ಸಿಸ್ಟರ್ ನೋಡಿ ಸಹಿ ಹಾಕಬೇಕು.

ಆ ಅವಮಾನವನ್ನು ಅವಳು ನುಂಗಿಕೊಂಡಳು. ನುಂಗಲಾಗದೆ ಉಳಿದದ್ದು ಅವನ ಮೌನ.

'ಅಷ್ಟು ಪ್ರಶ್ನೆ ಕೇಳೋನು ಒಂದೂ ಕೇಳದೆ ಹೋದ ಅಂದ್ರೆ... ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅಂತ ತಾನೇ?'

ಬಾಗಿಲು ಕಿರುಗುಟ್ಟಿದಾಗಲೆಲ್ಲ ತಲೆ ಎತ್ತುತ್ತಿದ್ದಳು. ಯಾರೋ ಅಜ್ಜ, ಯಾರೋ ಬಸುರಿ, ಯಾರೋ ಪೊಲೀಸ್ ಕೆಲಸಕ್ಕೆ ಸೇರುವ ಹುಡುಗಿ. ಮನೆಯಲ್ಲಿ ತಟ್ಟೆ ಮುಂದೆ ಇಟ್ಟುಕೊಂಡು ಕೂತರೆ ಊಟ ಆರಿಹೋಗುತ್ತಿತ್ತು.

"ಆರು ವರ್ಷದಿಂದ ಊರವರ ಎದೆಯೆಲ್ಲ ನೋಡ್ತೀಯ," ಎಂದಳು ಅಮ್ಮ ಒಂದು ದಿನ, ಸೊಪ್ಪು ಬಿಡಿಸುತ್ತಾ. "ನಿನ್ನದನ್ನ ಯಾವಾಗ ನೋಡ್ಕೋತೀಯೋ!"

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡಳು.

ನಾಲ್ಕನೆಯ ವಾರದ ಶನಿವಾರ. ಹೊರರೋಗಿಗಳ ಸಮಯ ಮುಗಿದಿತ್ತು. ಬೆಳಗಿನ ಕಾಗದಗಳಿಗೆ ಸಹಿ ಹಾಕಿ ಮುಗಿಸಿದ ಹಿರಿಯ ಸಿಸ್ಟರ್, "ಸೋಮವಾರದಿಂದ ನನ್ನ ಸಹಿ ಬೇಡ. ಇನ್ನಾದ್ರೂ ಸ್ವಲ್ಪ ನಗು ತಾಯಿ," ಎಂದು ಕೆನ್ನೆ ತಟ್ಟಿ ಹೋದಳು. ಅವಳು ಕಿಟಕಿ ಮುಚ್ಚಲು ಹೋದವಳು ಹಾಗೇ ನಿಂತುಬಿಟ್ಟಳು.

ಎದುರಿನ ರಸ್ತೆಯ ಕಂಬದ ತುದಿಯಲ್ಲಿ ಹಳದಿ ಹೆಲ್ಮೆಟ್ಟು! ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಕಟಿಂಗ್ ಪ್ಲೇಯರ್. ಕೆಳಗೆ ನಿಂತವನಿಗೆ ಏನೋ ಕೂಗಿ ಕೇಳುತ್ತಿದ್ದಾನೆ. ಪ್ರಶ್ನೆಯೇ ಇರಬೇಕು, ಸಂಶಯವೇ ಇಲ್ಲ.

ಅವಳ ಕಣ್ಣು ತುಂಬಿ ಬಂತು. 'ಹತ್ತಿದ್ದಾನೆ... ಸಾಕು, ಅಷ್ಟೇ ಸಾಕು ನನಗೆ.'

ಅಷ್ಟೇ ಸಾಕು ಎಂದವಳು ಅರ್ಧ ಗಂಟೆ ಕಿಟಕಿ ಬಿಟ್ಟು ಅಲುಗಲಿಲ್ಲ ಅನ್ನುವುದು ಬೇರೆ ವಿಷಯ!

ಹೆಲ್ಮೆಟ್ಟು ಇಳಿಯಿತು. ರಸ್ತೆ ದಾಟಿತು. ನಾಲ್ಕು ಮೆಟ್ಟಿಲನ್ನು ಎರಡೇ ಹೆಜ್ಜೆಗೆ ಹಾರಿತು.

"ಒಂದು ಪ್ರಶ್ನೆ ಇತ್ತು, ಮೇಡಂ."

ಬಾಗಿಲಲ್ಲಿ ಅವನು. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಸ್ಟೀಲಿನ ಊಟದ ಡಬ್ಬಿ.

"ಇದು ಅಕ್ಕ ಕಳಿಸಿದ್ದು. ಅವತ್ತು ಕೂಗಾಡಿದ್ದಕ್ಕೆ. ಉಪ್ಪು ಸರಿಯಾಗಿದೆಯಾ ಅಂತ ಕೇಳ್ಕೊಂಡು ಬಾ ಅಂದಿದಾಳೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಇದೇನಾ ಪ್ರಶ್ನೆ?"

"ಇದು ಅಕ್ಕನದ್ದು. ನನ್ನದು ಬೇರೆ." ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ. "ಡಾಕ್ಟರು ನಮ್ಮ ಕಚೇರಿಗೆ ಬರೆದ ಪತ್ರದಲ್ಲಿತ್ತು. ಅವತ್ತು ನನಗಿಂತ ಮುಂಚೆ ಹದಿನಾಲ್ಕು ಜನ, ಎಲ್ಲರದ್ದೂ ಸರಿಯಾಗಿತ್ತಂತೆ. ನನ್ನದೊಂದೇ ಯಾಕೆ ತಪ್ಪಾಯ್ತು?"

ಅವಳು ಡಬ್ಬಿಯನ್ನು ಸುಮ್ಮನೆ ಒಂದಿಷ್ಟು ಪಕ್ಕಕ್ಕೆ ಸರಿಸಿದಳು.

ಒಮ್ಮೆ ನಿಜ ಹೇಳಿ ಇಷ್ಟೆಲ್ಲ ಆಗಿದೆ. ಇನ್ನೊಮ್ಮೆ ಹೇಳಿದರೆ ಇನ್ನೇನಾಗುತ್ತೋ... ಆಗಲಿ!

"ಆ ಹದಿನಾಲ್ಕು ಜನ ಏನೂ ಕೇಳ್ಲಿಲ್ಲ," ಎಂದಳು ಮೆಲ್ಲಗೆ. "ಮಂಚ ತಿರುಗಿಸಿದ್ರು. 'ಇವತ್ತು ಉಲ್ಟಾ' ಅಂತ ಒಬ್ಬೊಬ್ಬರಿಗೂ ನೆನಪಿಟ್ಕೊಂಡು ಹಾಕ್ತಿದ್ದೆ. ನೀವು ಬಂದ್ರಿ... ಕೇಳಿದ್ರಿ... ನಿಮ್ಮ ಕಣ್ಣು ನೋಡ್ತಾ ಹೇಳ್ತಾ ಇದ್ದೆ. ನೆನಪೆಲ್ಲ ಹಾರಿಹೋಯ್ತು. ಕಾಗದವನ್ನೂ ನೋಡ್ಲಿಲ್ಲ, ನಿಮ್ಮನ್ನೇ ನೋಡ್ತಾ ನಿಂತಿದ್ದೆ. ಇದೇ ಕಾರಣ. ಬೇರೆ ಇಲ್ಲ."

ಹೇಳಿದ್ದೇ ತಡ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಬೆರಳ ಸಂದಿಯಿಂದ ನೋಡಿದರೆ, ಅವನು ಕಿವಿಯವರೆಗೂ ಕೆಂಪಾಗಿ, ಹೆಲ್ಮೆಟ್ಟನ್ನು ಬುಗುರಿಯ ಹಾಗೆ ತಿರುಗಿಸುತ್ತಾ ನಿಂತಿದ್ದ.

"ಅವತ್ತು ನೀವ್ಯಾಕೆ ಒಂದು ಮಾತೂ ಆಡ್ಲಿಲ್ಲ?" ಅವಳೇ ಕೇಳಿದಳು. "ಇಷ್ಟು ದಿನ ಯಾಕೆ ಬರ್ಲಿಲ್ಲ? ಕೋಪ ಅಂತ... ನಾನು..."

"ಕೋಪಾನಾ?" ಅವನು ಗಾಬರಿಯಾದ. "ಅಯ್ಯೋ, ಇಲ್ಲ! ನನಗೆ ಮಾತೇ ಹೊರಡ್ಲಿಲ್ಲ ಮೇಡಂ. ಕೆಳಗಿರೋನು 'ಲೈನ್ ಆಫ್ ಮಾಡಿದೀನಿ, ಹತ್ತು' ಅಂತಾನೆ. ಆ ಒಂದು ಮಾತು ನಂಬಿ ನಾನು ತಂತಿಗೆ ಕೈ ಹಾಕ್ತೀನಿ. ಅವನು ತಪ್ಪು ಮಾಡಬಾರದು ಅಂತಲ್ಲ, ಮನುಷ್ಯ, ಆಗುತ್ತೆ. ಆದ್ರೆ ತಪ್ಪಾಯ್ತು ಅಂತ ಗೊತ್ತಾದ ಕ್ಷಣ 'ಮುಟ್ಟಬೇಡ!' ಅಂತ ಕೂಗೋ ಎದೆ ಬೇಕು. ಅಕ್ಕ ಉಪ್ಪಿನ ನೆಪ ಕೈಗೇ ತಂದು ಕೊಟ್ಟಳು. ನೀವು ತಗೊಳ್ಳಲಿಲ್ಲ. ಅವತ್ತೇ ಅನ್ನಿಸ್ತು..."

"ಏನನ್ನಿಸ್ತು?"

ಈ ಸಲ ಪ್ರಶ್ನೆ ಅವಳದು.

"ನನಗೆ ಇವರು ಬೇಕು ಅಂತ." ಹೇಳಿ ಉಸಿರು ಬಿಟ್ಟ. "ಅದನ್ನ ಅಕ್ಕನ ಮುಂದೆ ಹೇಗೆ ಹೇಳ್ಲಿ? ಆಮೇಲೆ ನಿಮ್ಮ ಮೇಲೆ ಒಂದು ತಿಂಗಳ ನಿಗಾ ಅಂತ ಅದೇ ಪತ್ರದಿಂದ ತಿಳೀತು. ನಾನು ಇಲ್ಲಿ ಸುಳಿದಾಡಿದ್ರೆ ದೂರು ಕೊಡೋಕೆ ಬಂದಿದಾನೆ ಅಂದ್ಕೋತಾರೆ, ನಿಮ್ಮ ಕೆಲಸಕ್ಕೆ ತೊಂದರೆ. ಅದಕ್ಕೇ ದಿನ ಎಣಿಸ್ತಿದ್ದೆ. ಇವತ್ತಿಗೆ ಮುಗೀತು."

"ನನಗೂ..." ಎಂದಳು ಅವಳು. ಡಬ್ಬಿಯ ಹಿಡಿಯನ್ನು ತಿರುಗಿಸುತ್ತಾ, "ನನಗೂ ನೀವೇ ಬೇಕು," ಎಂದಳು.

ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ಯಂತ್ರವನ್ನು ನೋಡಿದರು. ನೋಡುತ್ತಾ ನೋಡುತ್ತಾ ಅವನ ಕಣ್ಣು ಮತ್ತೆ ಹಾಗೇ ಹೊಳೆಯಿತು.

"ಮೇಡಂ, ಇನ್ನೊಂದೇ ಒಂದು. ಕೆಂಪು ನನ್ನ ಬಲಗೈಗೆ, ಹಳದಿ ನಿಮ್ಮ ಎಡಗೈಗೆ ಹಾಕಿ, ಉಳಿದ ಎರಡು ಕೈ ಹಿಡ್ಕೊಂಡ್ರೆ... ಗೆರೆ ಯಾರದ್ದು ಬರುತ್ತೆ?"

ಅವಳು ಉತ್ತರಿಸಲು ಬಾಯಿ ತೆರೆದಳು. ಮುಚ್ಚಿದಳು. ಆರು ವರ್ಷದಲ್ಲಿ ಇದು ಅವಳಿಗೇ ಹೊಳೆದಿರಲಿಲ್ಲ! ಇಬ್ಬರೂ ಸೇರಿ ಒಂದೇ ತಂತಿ ಆಗ್ತೀವಿ... ಹಾಗಾದರೆ...

"ನೋಡೇ ಬಿಡೋಣ," ಎಂದಳು.

ಎರಡು ಸ್ಟೂಲು ಎಳೆದು ಅಕ್ಕಪಕ್ಕ ಹಾಕಿದಳು. ಹಸಿರು ವೈರು ಅವಳ ಎಡಗಾಲಿಗೆ, ಕಪ್ಪು ಅವನ ಬಲಗಾಲಿಗೆ.

"ಕೆಂಪು ಯಾವ ಕೈಗೆ?" ಎಂದ ಅವನು, ಬೇಕೆಂದೇ.

"ನಿಮ್ಮ ಬಲಗೈಗೆ."

"ಖಂಡಿತಾನಾ?"

"ಏಟು ಬೀಳುತ್ತೆ ನೋಡಿ!"

ಹಿಡಿಯಬೇಕಾದ ಎರಡು ಅಂಗೈಗಳಿಗೂ ಜೆಲ್ಲಿ ಸವರಿದಳು. ತಣ್ಣಗಿನ ಜೆಲ್ಲಿ, ಅದರ ಕೆಳಗೆ ಕಂಬ ಹತ್ತಿ ಹತ್ತಿ ಒರಟಾದ ಬೆಚ್ಚಗಿನ ಕೈ. ಮೊಣಕೈಯಿಂದ ಗುಂಡಿ ಒತ್ತಿದಳು. ಬರೀ ಮೊದಲನೇ ಗೆರೆ ಬರುವ ಹಾಗೆ ಇಟ್ಟಿದ್ದಳು.

ಯಂತ್ರ ಗರಗರ ಎಂದಿತು. ಒಂದೇ ಗೆರೆಯ ಮೇಲೆ ಎರಡು ಸಾಲು ಮುಳ್ಳು ಎದ್ದವು. ಒಂದು ಸಾಲು ಎತ್ತರ, ನಿಧಾನ. ಇನ್ನೊಂದು ಸಣ್ಣದು, ಅವಸರದಲ್ಲಿ ಓಡುತ್ತಿತ್ತು.

"ಎರಡೂ ಬಂತು!" ಅವನು ಪಿಸುಗುಟ್ಟಿದ. "ಈ ಓಡ್ತಿರೋದು ಯಾರದ್ದು?"

"...ನನ್ನದು."

"ಯಾಕೆ ಓಡ್ತಿದೆ?"

"ನಿಮಗೆ ಎಲ್ಲಾ ಕೇಳ್ಬೇಕು ಅಲ್ವಾ!"

ಅವನು ನಕ್ಕ. ಗೆರೆ ಅಲುಗಿತು. "ನಗಬೇಡಿ, ನಗೂ ಬರುತ್ತೆ," ಎಂದು ಗದರಿ ಅವಳೂ ನಕ್ಕಳು. ಕಾಗದ ನೆಲದವರೆಗೂ ಇಳಿಯಿತು. ಇದ್ದಕ್ಕಿದ್ದಂತೆ ಒಂದು ಮುಳ್ಳು ಉಳಿದೆಲ್ಲವನ್ನೂ ಮೀರಿಸಿ ಎತ್ತರಕ್ಕೆ ಹಾರಿತು.

"ಇದೇನು? ಇದೊಂದೇ ಇಷ್ಟು ಎತ್ತರ?"

ಅವಳು ಬಾಗಿ ನೋಡಿದಳು. ಗೊತ್ತಾಯಿತು. ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಅಲ್ಲಿ ಎರಡೂ ಒಟ್ಟಿಗೇ ಬಡಿದಿವೆ."

ಅವನು ಬಹಳ ಹೊತ್ತು ಆ ಮುಳ್ಳನ್ನೇ ನೋಡಿದ.

"ಮತ್ತೆ ಯಾವಾಗ ಬರುತ್ತೆ?"

"ಹೇಳೋಕಾಗಲ್ಲ. ಕಾಯ್ಬೇಕು."

"ಕಾಗದ ಎಷ್ಟಿದೆ?"

"ಇವತ್ತೇ ಹಾಕಿದ್ದು. ಇಡೀ ರೋಲಿದೆ."

"ಹಾಗಾದ್ರೆ ಯಂತ್ರ ನಿಲ್ಲಿಸಬೇಡಿ," ಎಂದ ಅವನು.

ಅವಳು ನಿಲ್ಲಿಸಲಿಲ್ಲ.